ರಫೂ ಅಕ್ಕನ ಆರು ಮಾದರಿಗಳು

ರಫೂ ಅಕ್ಕನಂಥ ಗಿರಾಕಿ ಇನ್ನೊಬ್ಬರು ಸಿಕ್ಕರೆ ನಾನು ಅಂಗಡಿಗೆ ಬೀಗ ಜಡಿದು ಎಲ್ಲಾದರೂ ಹೊರಟುಹೋಗುತ್ತೇನೆ. ಹದಿನಾರು ವರ್ಷದಿಂದ ವಲಸೆ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಹೊರದೇಶದವರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ನಾನೂ ಒಂದು ಕಾಲಕ್ಕೆ ಹೊರಗಿನಿಂದ ಬಂದವಳೇ. ಸುಳ್ಳು ಹೇಳುವವರನ್ನು ಕಂಡಿದ್ದೇನೆ, ಒಂದಕ್ಕೆರಡು ಸೇರಿಸುವವರನ್ನು ಕಂಡಿದ್ದೇನೆ. ತಮಗೆ ಅನುಕೂಲವಾಗುವ ಸತ್ಯವನ್ನೂ ನುಂಗಿಕೊಂಡು ಕೂರುವವರೆಂದರೆ ಇವರೊಬ್ಬರನ್ನೇ ಕಂಡದ್ದು.

ಅಕ್ಕ ಹರಿದ ಬಟ್ಟೆಗೆ ರಫೂ ಮಾಡುವವರು. ತೇಪೆಯಲ್ಲ, ಹೊಲಿಗೆಯೂ ಅಲ್ಲ. ಆ ಬಟ್ಟೆಯದೇ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಹಾಸು ಹೊಕ್ಕು ಸೇರಿಸಿ ಒಂದೊಂದೇ ಎಳೆಯಾಗಿ ನೇಯ್ದು ಮುಚ್ಚುತ್ತಾರೆ. ಲಾಂಡ್ರಿಯೊಂದರ ಹಿಂಭಾಗದ ಕಿಟಕಿ ಪಕ್ಕ ಅವರ ಕುರ್ಚಿ. ಕಪ್ಪು ಬಟ್ಟೆಯಾದರೆ ಬಿಸಿಲಿದ್ದಾಗ ಮಾತ್ರ ಮುಟ್ಟುತ್ತಾರೆ. ದೀಪದ ಬೆಳಕನ್ನು ನಂಬುವುದಿಲ್ಲ. ವಿದ್ಯೆ ಕಲಿಸಿದ್ದು ಅವರ ಸೋದರತ್ತೆ. ಕಲಿಸುವಾಗ ಎರಡು ಮಾತು ಹೇಳಿದ್ದರಂತೆ: ಮಾಡಿದ ಕೆಲಸ ಕಾಣಬಾರದು, ಯಾರ ಬಟ್ಟೆ ಹರಿದಿತ್ತು ಅಂತ ಬಾಯಿ ಬಿಡಬಾರದು. ಆ ಮಹಾತಾಯಿ ಈಗ ಇಲ್ಲ, ಇದ್ದಿದ್ದರೆ ನಾನೇ ಹೋಗಿ ಜಗಳ ಆಡಿಬರುತ್ತಿದ್ದೆ.

ಅಕ್ಕನ ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಅವರ ಪರವಾನಗಿಯ ಮೇಲೆ ಹೆಂಡತಿ, ಮಗಳು ಹನ್ನೆರಡು ವರ್ಷ ಇಲ್ಲಿದ್ದರು. ಹೋದ ಚಳಿಗಾಲದಲ್ಲಿ ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದ ಮನುಷ್ಯ ಮತ್ತೆ ಏಳಲಿಲ್ಲ. ಮೂರನೇ ವಾರಕ್ಕೆ ಕಚೇರಿಯಿಂದ ಕಾಗದ ಬಂತು. ಪರವಾನಗಿ ಹೊಂದಿದವರು ತೀರಿಕೊಂಡಿರುವುದರಿಂದ ಅವಲಂಬಿತರು ತೊಂಬತ್ತು ದಿನದೊಳಗೆ ಬೇರೆ ಪರವಾನಗಿ ಪಡೆಯಬೇಕು, ಇಲ್ಲವೇ ದೇಶ ಬಿಡಬೇಕು. ಮಗಳ ಶಾಲೆಯ ಕೊನೆಯ ಪರೀಕ್ಷೆಗೆ ನೂರಮೂವತ್ತು ದಿನ ಇತ್ತು.

"ಅವಳೊಂದು ಪರೀಕ್ಷೆ ಬರೆದುಬಿಡ್ಲಿ ಕಣಮ್ಮ," ಅಂದರು ಅಕ್ಕ ನನ್ನ ಎದುರು ಕೂತು. "ಅಲ್ಲಿ ಹೋಗಿ ಮತ್ತೆ ಮೊದಲಿಂದ ಅಂದ್ರೆ ಆ ಮಗು ಓದೋದೇ ಬಿಟ್ಟುಬಿಡುತ್ತೆ. ಅಪ್ಪನ್ನ ಕಳ್ಕೊಂಡಿರೋದೇ ಸಾಕು."

ದಾರಿಗಳನ್ನೆಲ್ಲ ಬಿಡಿಸಿ ಹೇಳಿದೆ. ಬಂಡವಾಳ ಹೂಡುವವರ ಪರವಾನಗಿ ಇದೆ. ಅವರು ಕೇಳುವ ಮೊತ್ತವನ್ನು ಓದುವಷ್ಟರಲ್ಲೇ ನನಗೆ ಬಾಯಿ ಒಣಗಿತು. ಕೆಲಸದ ಪರವಾನಗಿಗೆ ಲಾಂಡ್ರಿಯವನು ಪತ್ರ ಕೊಡಲು ತಯಾರಿದ್ದ, ಆದರೆ ಕಚೇರಿಯ ಪಟ್ಟಿಯಲ್ಲಿ ಲಾಂಡ್ರಿ ಕೆಲಸವೇ ಇಲ್ಲ. ಹೊಸ ಉದ್ಯಮ ಕಟ್ಟುವವರ ಪರವಾನಗಿಯಲ್ಲಿ ಐದು ವರ್ಷದಲ್ಲಿ ಎಷ್ಟು ಜನರಿಗೆ ಕೆಲಸ ಕೊಡುತ್ತೀರಿ ಎಂದು ಕೇಳುತ್ತಾರೆ.

"ಹತ್ತು ಜನಕ್ಕೆ ಅಂತ ಬರೀಲಾ?" ಅಂದೆ.

"ಸೊನ್ನೆ ಅಂತ ಬರಿ. ನನ್ನ ಸೂಜಿ ನಾನು ಯಾರ ಕೈಗೂ ಕೊಡಲ್ಲ."

ಶಿವನೇ! ಉಳಿದದ್ದು ಒಂದೇ, ಸ್ವಂತ ಕಸುಬಿನ ಮೇಲೆ ಸಣ್ಣ ಅಂಗಡಿ ಇಡುವವರ ಪರವಾನಗಿ. ಅದಕ್ಕೆ ಕೆಲಸದ ಆರು ಮಾದರಿ, ಗಿರಾಕಿಯ ಪತ್ರ ಒಂದು. ಇದು ಸುಲಭ ಅಂದುಕೊಂಡೆ ನೋಡಿ, ನನ್ನ ಬುದ್ಧಿಗೆ ಏನು ಹೇಳಬೇಕು.

ಅಕ್ಕ ತಮ್ಮ ಮನೆಯದೇ ಆರು ಬಟ್ಟೆ ಹರಿದು, ಹದಿನೈದು ದಿನ ಕೂತು ರಫೂ ಮಾಡಿ ತಂದರು. ಉಣ್ಣೆ, ರೇಷ್ಮೆ, ಹತ್ತಿ ಎಲ್ಲ ಇತ್ತು. ನಾನು ಬಿಡುವಿಲ್ಲದ ಆತುರದಲ್ಲಿ ಬಿಚ್ಚಿಯೂ ನೋಡದೆ ಅರ್ಜಿಗೆ ಲಗತ್ತಿಸಿ ಕಳಿಸಿದೆ. ಇಪ್ಪತ್ತು ದಿನಕ್ಕೆ ಕಟ್ಟು ವಾಪಸ್ಸು. ಮೇಲೆ ಒಂದು ಚೀಟಿ: "ಹರಿದ ಬಟ್ಟೆ ಸರಿಪಡಿಸಿದ ಮಾದರಿ ಕೇಳಲಾಗಿತ್ತು. ತಾವು ಹರಿಯದ ಬಟ್ಟೆಗಳನ್ನು ಕಳಿಸಿದ್ದೀರಿ."

ಕಿಟಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ, ಭೂತಗನ್ನಡಿ ಇಟ್ಟು ನೋಡಿದೆ. ಎಲ್ಲಿ ಹರಿದಿತ್ತು ಅಂತ ನನಗೂ ಗೊತ್ತಾಗಲಿಲ್ಲ.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದನ್ನ ಅರ್ಧಕ್ಕೆ ನಿಲ್ಸಿ. ಇಲ್ಲಾ ಸ್ವಲ್ಪ ಒರಟಾಗಿ ಮಾಡಿ. ಕಣ್ಣಿಗೆ ಕಾಣೋ ಹಾಗೆ!"

"ಕೆಟ್ಟ ಕೆಲಸ ತೋರಿಸಿ ನಾನು ಒಳ್ಳೆ ಕೆಲಸದವಳು ಅನ್ನಬೇಕಾ? ಅದು ಹೇಗಮ್ಮ ಆಗುತ್ತೆ?"

"ಮತ್ತೆ ದೇಶ ಬಿಟ್ಟು ಹೋಗ್ತೀರಾ?"

ಅಕ್ಕ ಬಟ್ಟೆ ಮಡಚತೊಡಗಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಮಾತು.

ಗಿರಾಕಿಯ ಪತ್ರದ ಕಥೆ ಇನ್ನೂ ಚೆಂದ. ಯಾರ ಬಟ್ಟೆ ಮಾಡಿದ್ದೀರಿ ಹೆಸರು ಹೇಳಿ, ನಾನೇ ಹೋಗಿ ಕೇಳುತ್ತೇನೆ ಅಂದರೆ, "ಅದೆಲ್ಲ ಹೇಳೋ ಹಾಗಿಲ್ಲ" ಅಂದರು. ಲಾಂಡ್ರಿಯವನನ್ನು ಹಿಡಿದು ಇಬ್ಬರ ವಿಳಾಸ ಕಿತ್ತುಕೊಂಡೆ. ಒಬ್ಬ ವಕೀಲ; ತನ್ನ ಕಪ್ಪು ಕೋಟಿನಲ್ಲಿ ಇಲಿ ಕಚ್ಚಿದ ತೂತಿತ್ತು ಅಂತ ಸಹಿ ಹಾಕಿಕೊಡಲು ಅವನಿಗೇನು ಹುಚ್ಚೇ? ಇನ್ನೊಬ್ಬಳು ಬಾಗಿಲನ್ನೇ ತೆಗೆಯಲಿಲ್ಲ.

ಎಂಬತ್ತೊಂದನೇ ದಿನ ಖುದ್ದು ವಿಚಾರಣೆಗೆ ಕರೆದರು. ನಾನೂ ಜೊತೆಗೆ ಹೋದೆ. ಅಧಿಕಾರಿಯ ಎದುರೇ ಬಟ್ಟೆ ಹರಿದು, ಅಲ್ಲೇ ಕೂತು ರಫೂ ಮಾಡಿ ತೋರಿಸುವುದು ಅಂತ ನಾನು ಉಪಾಯ ಹೂಡಿದ್ದೆ. ಬಾಗಿಲಲ್ಲಿ ಕಾವಲುಗಾರ ಸೂಜಿ, ಕತ್ತರಿ ಎರಡನ್ನೂ ಕಿತ್ತು ಡಬ್ಬಿಗೆ ಹಾಕಿದ. ಚೂಪಾದ ವಸ್ತು ಒಳಗೆ ಬಿಡುವುದಿಲ್ಲವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ.

ಒಳಗೆ ಅಧಿಕಾರಿ ಬೂದು ಬಣ್ಣದ ಉಣ್ಣೆ ಕೋಟು ಹಾಕಿ ಕೂತಿದ್ದರು. ಆರು ಬಟ್ಟೆಗಳನ್ನು ಮತ್ತೊಮ್ಮೆ ಮಗುಚಿ ನೋಡಿ ನಕ್ಕರು.

"ನೋಡಿಮ್ಮ, ಕಾಣದೇ ಇರೋದಕ್ಕೆ ನಾನು ಹೇಗೆ ಮೊಹರು ಹಾಕಲಿ? ಅಲ್ಲದೆ ಈ ಕಸುಬು ಯಾರಿಗೆ ಬೇಕು? ಈ ಕೋಟು ನಮ್ಮಮ್ಮ ಕೊಡಿಸಿದ್ದು. ಎಂಟು ವರ್ಷ ಆಯ್ತು, ಒಂದು ನೂಲು ಹೋಗಿಲ್ಲ. ಜೋಪಾನ ಮಾಡೋರಿಗೆ ರಫೂ ಯಾಕೆ ಬೇಕು ಹೇಳಿ?"

ಅಕ್ಕ ಅವರ ಕೋಟಿನ ಎಡತೋಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಲೆ ತಗ್ಗಿಸಿದರು.

"ಹೌದು ಸರ್. ಚೆನ್ನಾಗಿ ಇಟ್ಕೊಂಡಿದೀರಿ," ಅಂದರು.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಇವರು ಬಾಯಿ ಬಿಟ್ಟರೂ ಎದುರಾಳಿಯ ಪರವಾಗಿಯೇ ಬಿಟ್ಟರು! ಶುಕ್ರವಾರದೊಳಗೆ ಒಬ್ಬ ಗಿರಾಕಿಯ ಪತ್ರವಾದರೂ ತನ್ನಿ, ಇಲ್ಲದಿದ್ದರೆ ಕಡತ ಮುಚ್ಚುತ್ತೇನೆ ಅಂದರು ಅಧಿಕಾರಿ. ನಾನು ಅಕ್ಕನಿಗಿಂತ ಮುಂದೆ ದಡದಡ ಮೆಟ್ಟಿಲಿಳಿದೆ. ಅವರ ಮನೆಗೆ ಹೋದರೆ ಮಗಳು ಹಾಸಿಗೆಯ ಮೇಲೆ ಪುಸ್ತಕಗಳನ್ನು ಎರಡು ರಾಶಿ ಮಾಡಿ ಕೂತಿದ್ದಳು. ಒಂದು ಓದುವುದಕ್ಕೆ, ಒಂದು ಬಿಟ್ಟು ಹೋಗುವುದಕ್ಕೆ.

ಶುಕ್ರವಾರ ಬೆಳಿಗ್ಗೆ ನನ್ನ ಕೋಣೆಗೆ ಒಬ್ಬ ಹೆಂಗಸು ಬಂದರು. ಲಾಂಡ್ರಿಯವನು ಇಲ್ಲಿಗೆ ಕಳಿಸಿದನಂತೆ. ಕೂರಿ ಅಂದರೂ ಕೂರಲಿಲ್ಲ.

"ರಫೂ ಮಾಡೋ ಅಕ್ಕ ದೇಶ ಬಿಟ್ಟು ಹೋಗ್ತಾರಂತೆ, ಹೌದಾ? ಹರಿಯದ ಬಟ್ಟೆ ತಂದು ತೋರಿಸಿದ್ರು ಅಂತ ನಮ್ಮನೆಯವರು ಊಟಕ್ಕೆ ಕೂತಾಗ ಹೇಳ್ಕೊಂಡು ನಗ್ತಾ ಇದ್ರು. ಆ ಕೋಟು ಹಾಕ್ಕೊಂಡೇ ಹೋಗಿದ್ರು ಅವತ್ತು."

"ಯಾವ ಕೋಟು?"

"ನಮ್ಮತ್ತೆ ಕೊಡಿಸಿದ್ದು. ಎರಡು ವರ್ಷದ ಹಿಂದೆ ಇಸ್ತ್ರಿ ಮಾಡೋವಾಗ ನಾನೇ ಎಡತೋಳು ಸುಟ್ಟಿದ್ದೆ. ಅತ್ತೆ ತೀರಿಹೋಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಇವರಿಗೆ ಹೇಳೋ ಧೈರ್ಯ ಬರಲಿಲ್ಲ. ನನ್ನ ಕಣ್ಣೀರು ನೋಡಿ ಅಕ್ಕ ಎರಡೇ ದಿನದಲ್ಲಿ ಮಾಡ್ಕೊಟ್ರು. ಯಾರಿಗೂ ಹೇಳಬೇಡಿ ಅಂದಿದ್ದೆ." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. "ಅವರ ಎದುರೇ ಕೂತಿದ್ದೂ ಹೇಳಲಿಲ್ವಲ್ಲಮ್ಮ. ಕಾಗದ ಕೊಡಿ, ನಾನು ಬರೀತೀನಿ."

ಮಧ್ಯಾಹ್ನ ಪತ್ರ ಹಿಡಿದು ಅಕ್ಕನನ್ನು ಎಳೆದುಕೊಂಡು ಹೋದೆ. ಪತ್ರದಲ್ಲಿ ಏನಿದೆ ಅಂತ ಅಕ್ಕನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅದನ್ನು ಹರಿದು ಹಾಕಿಬಿಡುತ್ತಿದ್ದರು. ಅಧಿಕಾರಿ ಅಕ್ಷರ ನೋಡುತ್ತಲೇ ಗುರುತು ಹಿಡಿದರು. ಎರಡು ಸಲ ಓದಿದರು. ಕೋಟು ಬಿಚ್ಚಿ ಎಡತೋಳನ್ನು ಕಿಟಕಿಯ ಬೆಳಕಿಗೆ ಹಿಡಿದರು, ಬೆರಳಿನಿಂದ ಸವರಿದರು, ಒಳಗನ್ನು ಹೊರಗೆ ಮಾಡಿ ನೋಡಿದರು. ಬಹಳ ಹೊತ್ತು ಹುಡುಕಿದರು.

"ಎಲ್ಲಿದೆಯಮ್ಮ ಅದು?"

"ಯಾವುದು ಸರ್?" ಅಂದರು ಅಕ್ಕ.

ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಊಹೂಂ, ಜಪ್ಪಯ್ಯ ಅನ್ನಲಿಲ್ಲ.

"ನನ್ನ ಹೆಂಡತೀನೇ ಬರೆದಿದಾಳೆ. ಈಗ ಹೇಳಬಹುದು."

"ಅವರು ನಿಮಗೆ ಹೇಳಿರಬಹುದು ಸರ್. ನನಗೆ ಹೇಳು ಅಂತ ಹೇಳಿಲ್ಲ."

ಅಧಿಕಾರಿ ಆ ತೋಳನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೊಮ್ಮೆ ಸವರಿದರು. ಅವರ ಕಣ್ಣು ಒದ್ದೆಯಾಗಿತ್ತು. ಮನೆಯವರ ಪತ್ರದ ಮೇಲೆ ತಾವೇ ಆದೇಶ ಮಾಡುವ ಹಾಗಿಲ್ಲವೆಂದು ಕೋಟನ್ನೂ ಪತ್ರವನ್ನೂ ಪಕ್ಕದ ಕೋಣೆಯ ಮೇಲಧಿಕಾರಿಯ ಬಳಿ ಒಯ್ದರು. ಗೋಡೆಯಾಚೆ ಕಿಟಕಿ ತೆಗೆದ ಸದ್ದು, ಇನ್ನಿಬ್ಬರನ್ನು ಕರೆದ ಸದ್ದು ಕೇಳಿಸಿತು. ನಾಲ್ಕು ಜನ ಹುಡುಕಿದರೂ ಸಿಗಲಿಲ್ಲವಂತೆ. ಮೊಹರು ಬಿತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತದ್ದು ನಾನು. ಅಕ್ಕ ಕಾವಲುಗಾರನ ಹತ್ತಿರ ಹೋಗಿ ಮೊನ್ನೆಯ ಸೂಜಿ ವಾಪಸ್ಸು ಕೇಳುತ್ತಿದ್ದರು.

ಮಗಳು ಪರೀಕ್ಷೆ ಬರೆದಳು, ಪಾಸಾದಳು. ಪರವಾನಗಿ ಒಂದೇ ವರ್ಷದ್ದು, ನವೀಕರಣಕ್ಕೆ ಮತ್ತೆ ಆರು ಮಾದರಿ ಕೊಡಬೇಕು. ಈ ಸಲ ಒಂದನ್ನಾದರೂ ಕೆಟ್ಟದಾಗಿ ಮಾಡಿ ಅಂತ ಈಗಿನಿಂದಲೇ ಗೋಗರೆಯುತ್ತಿದ್ದೇನೆ. "ನೋಡೋಣ ಕಣಮ್ಮ" ಅನ್ನುತ್ತಾರೆ. ಮಾಡುವುದಿಲ್ಲ, ನನಗೆ ಗೊತ್ತು.