ಎರಡು ಲೈನು, ಒಂದು ಬಲೆ

ಪೀಣ್ಯದ ಕಾರ್ಖಾನೆಯಲ್ಲಿ ಸ್ವಿಚ್ ಜೋಡಿಸುವ ಹೆಂಗಸರು ನಾವು, ವರ್ಷಕ್ಕೊಮ್ಮೆ ಟ್ರಿಪ್ ಹೋಗುತ್ತಿದ್ದೆವು. ಟ್ರಿಪ್ ಎಂದರೆ ದೇವಸ್ಥಾನ. ಐದು ವರ್ಷ ನಾನೂ ಸಾಲಿನಲ್ಲಿ ನಿಂತು ಕೈಮುಗಿದು ಬಂದೆ. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಆ ವರ್ಷ ಮಾತ್ರ ಹಟ ಹಿಡಿದೆ: ಈ ಸಲ ನನ್ನ ತವರಿಗೆ, ಉಡುಪಿ ಕಡೆಯ ಕಡಲೂರಿಗೆ.

"ಅಲ್ಲೇನೈತೆ? ನೀರು ತಾನೆ?" ಅಂದರು ನಮ್ಮ ಲೀಡರ್ ಅಕ್ಕ. ಪಕ್ಕದ ಮಾಕಳಿಯ ರೈತರ ಮನೆಯವರು. ಅವರು ಹೂಂ ಅನ್ನದೆ ನಮ್ಮ ಸೆಕ್ಷನ್ನಿನಲ್ಲಿ ಒಂದು ಕುರ್ಚಿಯೂ ಸರಿಯುತ್ತಿರಲಿಲ್ಲ. ಅವರಿಂದ ಹಿಡಿದು ಬಾಗಲಗುಂಟೆಯ ನನ್ನ ಮನೆ ಓನರ್‌ವರೆಗೆ ಎಲ್ಲರಿಗೂ ನಾನು 'ಮೀನಿನೂರವಳು'. ತಮಾಷೆಗೇ ಇರಬಹುದು, ನನಗೆ ಮಾತ್ರ ಪ್ರತಿ ಸಲವೂ ಮೈ ಉರಿಯುತ್ತಿತ್ತು. ಒಂದೇ ಒಂದು ದಿನ ಇವರೆಲ್ಲ ನನ್ನ ಊರಿನಲ್ಲಿ ನಿಂತು 'ಅಬ್ಬಾ' ಅನ್ನಬೇಕು, ಅಷ್ಟೇ ನನ್ನ ಆಸೆ. "ಇಷ್ಟ ಆಗ್ಲಿಲ್ಲ ಅಂದ್ರೆ ಇನ್ಮೇಲೆ ಟ್ರಿಪ್ ವಿಷ್ಯಕ್ಕೆ ಬಾಯಿ ಬಿಡಲ್ಲ ಅಕ್ಕ," ಎಂದು ಮಾತು ಕೊಟ್ಟೆ.

ಬೆಳಿಗ್ಗೆ ಬಸ್ಸಿಳಿದವರನ್ನು ಸೀದಾ ಲೈಟ್‌ಹೌಸಿಗೆ ಕರೆದೊಯ್ದೆ. ಬೀಗ! ಸಂಜೆಯಷ್ಟೇ ತೆಗೆಯುತ್ತಾರಂತೆ. ಹುಟ್ಟಿ ಬೆಳೆದವಳಿಗೆ ಅದು ಗೊತ್ತಿಲ್ಲವೇ ಎಂದರೆ, ಇಲ್ಲ. ದಿನಾ ಕಣ್ಣೆದುರಿಗಿರುವುದನ್ನು ಊರಿನವರು ಹತ್ತಿ ನೋಡುತ್ತಾರೆಯೇ? ಗಾಳಿ ಜಾಸ್ತಿಯೆಂದು ಎದುರಿನ ದ್ವೀಪಕ್ಕೆ ಹೋಗುವ ದೋಣಿಯೂ ನಿಂತಿತ್ತು. ಬಂದರಿನಲ್ಲಿ ಮೀನಿನ ಹರಾಜು ತೋರಿಸಲು ಹೋದರೆ ಅರ್ಧ ಜನ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ವಾಪಸ್ ಬಸ್ ಹತ್ತಿದರು.

"ಹತ್ತು ಗಂಟೆಗೇ ನಿಮ್ಮೂರು ಮುಗ್ದೋಯ್ತಲ್ಲೇ," ಅಂದರು ಲೀಡರ್ ಅಕ್ಕ. ನಾಚಿಕೆಯಿಂದ ಸತ್ತೇಹೋದೆ.

ಉಳಿದದ್ದು ಬೀಚ್ ಒಂದೇ. ಅಲ್ಲಿ ಕೈರಂಪಣಿ ನಡೆದಿತ್ತು. ದೋಣಿಯವರು ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತಂದಿದ್ದರು. ಎರಡೂ ಕಡೆ ಜನ ನಿಂತು ಎಳೆಯಬೇಕು. ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು, ಅದು ನಮ್ಮೂರಿನ ಪದ್ಧತಿ. ಅಂದು ಜನ ಕಡಿಮೆಯಿದ್ದರು. ನಾನು ಸೀರೆ ಎತ್ತಿ ಸಿಕ್ಕಿಸಿ ಹಗ್ಗಕ್ಕೆ ಕೈ ಹಾಕಿ, "ಬನ್ರೇ!" ಎಂದು ಕೂಗಿದೆ.

ಬಂದರು. ಬಂದು ಏನು ಮಾಡಿದರು ಗೊತ್ತೇ? ಕಾರ್ಖಾನೆಯಲ್ಲಿ ನಮ್ಮದು ಎರಡು ಲೈನು, ಯಾರು ಮೊದಲು ಟಾರ್ಗೆಟ್ ಮುಗಿಸುತ್ತಾರೆಂದು ದಿನಾ ಜಿದ್ದು. ಯಾರೂ ಹೇಳದೆಯೇ ಒಂದನೇ ಲೈನಿನವರು ತೆಂಕು ಬದಿಯ ಹಗ್ಗ ಹಿಡಿದರು, ಎರಡನೆಯವರು ಬಡಗು ಬದಿಯದು. ಶುರುವಾಯಿತು ಪಂದ್ಯ. "ಜಗ್ರೀ, ಜಗ್ರೀ!" ಎಂದು ವಿಜಾಪುರ ಕಡೆಯ ಒಬ್ಬಾಕೆ ಒಂದನೇ ಲೈನನ್ನು ಹುರಿದುಂಬಿಸಿದಳು. ಅವರ ಹಗ್ಗ ಸರಸರ ಮೇಲೆ ಬಂತು, ಬಲೆ ಓರೆಯಾಯಿತು.

ಬಲೆಯ ಯಜಮಾನರಾದ ಹಿರಿಯರೊಬ್ಬರು ತಲೆ ಚಚ್ಚಿಕೊಂಡರು. "ಎಂತ ಮಾಡ್ತೀರಿ ಮಾರಾಯ್ರೆ! ಒಂದು ಬದಿ ಮುಂದೆ ಬಂದ್ರೆ ಮೀನೆಲ್ಲ ಹೋಗ್ತದೆ! ಬಿಡಿ ನೀವು, ಹಗ್ಗ ಬಿಡಿ!"

ಟ್ರಿಪ್ ಹಾಳಾದದ್ದು ಸಾಲದೆಂದು ಊರಿನವರ ಬಲೆಯನ್ನೂ ಹಾಳು ಮಾಡಿದ್ದೆ.

ಲೀಡರ್ ಅಕ್ಕ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಬಿಗಿದು ಎರಡು ಹಗ್ಗಗಳ ನಡುವೆ ಬಂದು ನಿಂತರು. "ಏಯ್ ಒಂದ್ನೇ ಲೈನು, ಸುಮ್ನೆ ಹಿಡ್ಕೊಂಡು ನಿಂತ್ಕೊಳ್ರೇ! ಎರಡ್ನೇ ಲೈನು, ಎಳೀರಿ! ಇಲ್ಲಿ ಇಬ್ರದ್ದೂ ಒಂದೇ ಟಾರ್ಗೆಟ್!" ಎರಡು ಬದಿಯೂ ಸಮವಾಗುವವರೆಗೆ ಬಿಡಲಿಲ್ಲ. ಆಮೇಲೆ ಚಪ್ಪಾಳೆ ತಟ್ಟಿ ತಟ್ಟಿ ಎಳೆಸಿದರು. ಹಿರಿಯರು ಬೈಯುವುದನ್ನು ಮರೆತು ಅವರ ಚಪ್ಪಾಳೆಗೇ ಹೆಜ್ಜೆ ಹಾಕಿದರು. ಬಸ್ಸಿನಲ್ಲಿದ್ದವರೂ ಓಡಿಬಂದು ಹಗ್ಗ ಹಿಡಿದರು.

ಬಲೆ ದಡಕ್ಕೆ ಬಂತು. ಬಂಗುಡೆ! ರಾಶಿ ರಾಶಿ ಬಂಗುಡೆ ಮರಳಿನ ಮೇಲೆ ಪಟಪಟ ಕುಣಿಯಿತು. ನಮ್ಮ ಹೆಂಗಸರ ಕೂಗಿಗೆ ಕಾಗೆಗಳೆಲ್ಲ ಎದ್ದವು. ಮೂಗು ಮುಚ್ಚಿಕೊಂಡಿದ್ದವರೇ ಎರಡೂ ಕೈಯಲ್ಲಿ ಮೀನು ಎತ್ತಿ ತೋರಿಸುತ್ತಿದ್ದರು. ನನಗೆ ಅಳು, ನಗು ಒಟ್ಟಿಗೇ ಬಂದವು.

ಹಿರಿಯರು ಪಾಲು ಹಂಚಿದರು. "ಇವತ್ ಶನಿವಾರ, ನಾನ್ ತಿನ್ನಂಗಿಲ್ಲ. ಆದ್ರೆ ನನ್ ಪಾಲ್ ಮಾತ್ರ ಬಿಡಕಿಲ್ಲ," ಎಂದು ಲೀಡರ್ ಅಕ್ಕ ಕೈಚೀಲ ಒಡ್ಡಿದರು.

ಅದಕ್ಕೆ ಮೀನು ತುಂಬುತ್ತಾ ಹಿರಿಯರು ಕೇಳಿದರು, "ನೀವು ಎಲ್ಲಿಯವರು?"

ಅಕ್ಕ ಒದ್ದೆ ಕೈಯನ್ನು ನನ್ನ ಹೆಗಲ ಮೇಲೆ ಹಾಕಿದರು.

"ನಾವಾ? ಇವಳೂರೋರು ಕಣಣ್ಣ."