ನಿಂಬೆ ಹೆಚ್ಚಾದ ಕಬ್ಬಿನ ಹಾಲು
ಅಂಕಲಿ ಬಸ್‌ಸ್ಟ್ಯಾಂಡಿನ ಆಬಾಸಾಹೇಬ ಕೊಡುವ ಕಬ್ಬಿನ ಹಾಲಿನಲ್ಲಿ ನಿಂಬೆ ಹೆಚ್ಚಾಗಿದ್ದರೆ, ಎದುರುಮನೆಯ ದರ್ಜಿ ಮಲಿಕಸಾಬನಿಗೆ ಏನೋ ಒಳ್ಳೆಯದಾಗಿದೆ ಎಂದೇ ಅರ್ಥ. ಮಲಿಕಸಾಬನ ಮಗಳು ರುಕ್ಸಾರ ಕಂಪ್ಯೂಟರ್ ಸೈನ್ಸ್ ಓದಲು ಚಿಕ್ಕೋಡಿಯ ಬಸ್ಸು ಹತ್ತಿದಂದಿನಿಂದ ಆಬಾಸಾಹೇಬನ ಹೊಟ್ಟೆ ತಣ್ಣಗಿಲ್ಲ. “ನಾಕ ವರ್ಷದ ಫೀದಾಗ ಒಂದ ಟ್ರ್ಯಾಕ್ಟರ ಬರತೈತ್ರಿ. ಟ್ರ್ಯಾಕ್ಟರ ತಂದ ಮರದಿನಾನ ದುಡಿತೈತಿ. ಈ ಡಿಗ್ರಿ ದುಡಿಯೂದ ಯಾವಾಗ?” ಎಂದು ಗ್ಲಾಸಿಗೊಮ್ಮೆ ಕೇಳುತ್ತಾನೆ. ಕಂಪನಿಗಳು ನೌಕರರನ್ನು ಮನೆಗೆ ಕಳಿಸಿದ ಸುದ್ದಿ ಬಂದರೆ ಎಲ್ಲರ ಗ್ಲಾಸೂ ತುಂಬಿ ತುಳುಕುತ್ತದೆ. ರುಕ್ಸಾರಳ ಕಾಲೇಜಿನವರಿಗೆ ದೊಡ್ಡ ಪಗಾರದ ನೌಕರಿ ಸಿಕ್ಕಿತೆಂದರೆ ಗ್ಲಾಸಿನ ತುಂಬ ಬರೀ ಬರ್ಫದ ಗಡ್ಡೆ. ಅಂಥವನು, ಆಕೆಯ ಪರೀಕ್ಷೆ ಬಂತೆಂದರೆ ತನ್ನ ಕಬ್ಬಿನ ಗಾಣದ ಗೆಜ್ಜೆಗಳಿಗೆ ಹಳೆ ಅರಿವೆಯ ತುಂಡು ಸುತ್ತಿ ಸದ್ದಡಗಿಸುತ್ತಾನೆ. ಗೆಜ್ಜೆ ಕೇಳಿಸದೆ ಗಿರಾಕಿಗಳು ಮುಂದೆ ದಾಟಿದರೂ ಬಿಚ್ಚುವುದಿಲ್ಲ. ಮೊನ್ನೆ ಮಲಿಕಸಾಬ ಕಣ್ಣು ತುಂಬಿಕೊಂಡು ಉಪಕಾರ ಹೇಳಲು ಬಂದರೆ ಆಬಾಸಾಹೇಬ ಸಿಡುಕಿಬಿಟ್ಟ: “ನಿನ್ನ ಮಗಳ ಸಲುವಾಗಿ ಯಾಂವ ಅರಿವೆ ಕಟ್ಟ್ಯಾನೋ? ನನ್ನ ಮಗಳು ತೃಪ್ತಿ ಆಕಿ ಬಾಜೂಕ ಕುಂತ ಓದಾಕತ್ತಾಳ. ಮುಂದಿನ ವರ್ಷ ತೃಪ್ತಿನೂ ಅದ ಕಂಪ್ಯೂಟರಿಗೇ ಹಾಕಾಂವ ಅದೇನಿ. ಟ್ರ್ಯಾಕ್ಟರ ಹೋದ್ರ ಹೋಗ್ಲಿ!”