ಮುಳ್ಳು ಕೀಳುವ ಕಲ್ಲಿನ ಹೆಂಗಸು

ಮುಳಬಾಗಿಲು ಕಡೆಯ ನಮ್ಮೂರ ಹಳೇ ದೇವಸ್ಥಾನಕ್ಕೆ ಮೊನ್ನೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಎನಾಮಲ್ ಪೇಂಟಿನ ವಾಸನೆ ಮೂಗಿಗೆ ಬಡಿಯಿತು.

ಅಲ್ಲೊಂದು ಕಂಬದ ಮೇಲೆ, ಒಂಟಿಕಾಲಲ್ಲಿ ನಿಂತು ಅಂಗಾಲಿನ ಮುಳ್ಳು ಕೀಳುವ ಹೆಂಗಸಿದ್ದಾಳೆ. ಹಿಪ್ಪುನೇರಳೆ ತೋಟದ ದಾರಿಯಲ್ಲಿ ನನಗೆ ಜಾಲಿಮುಳ್ಳು ಚುಚ್ಚಿದಾಗಲೆಲ್ಲ ಅಜ್ಜಿ ಅಲ್ಲಿಗೇ ಎತ್ತಿಕೊಂಡು ಹೋಗುತ್ತಿದ್ದಳು. ಮೊದಲು ಕಲ್ಲಿನ ಅಂಗಾಲಿಗೆ ಒಂದು ತೊಟ್ಟು ಹರಳೆಣ್ಣೆ, ಆಮೇಲೆ ನನ್ನದಕ್ಕೆ.

"ಅವಳ ಮುಖಾನೇ ನೋಡ್ತಿರು ಕಣೇ. ಯಾವ ಕಾಲದಿಂದ ನೋವು ತಡ್ಕೊಂಡವ್ಳೆ, ಅತ್ತವ್ಳಾ?"

ಬಾಗಿದ ಆ ಬೆನ್ನು, ತುಸುವೇ ಬಿಗಿದ ತುಟಿ, ಎಣ್ಣೆ ಕುಡಿದು ಕಪ್ಪಗೆ ನುಣುಪಾದ ಪಾದ. ನಾನು ನೋಡುತ್ತಿದ್ದಂತೆಯೇ ಅಜ್ಜಿಯ ಪಿನ್ನಿನ ತುದಿಗೆ ಮುಳ್ಳು ಬಂದಿರುತ್ತಿತ್ತು.

ಈಗ ಅವಳ ಮೈಗೆ ಗುಲಾಬಿ ಬಣ್ಣ, ತುಟಿಗೆ ಲಿಪ್‌ಸ್ಟಿಕ್ಕಿನ ಕೆಂಪು. ಅಜ್ಜಿ ಎಣ್ಣೆ ಹಚ್ಚುತ್ತಿದ್ದ ಅಂಗಾಲು ನೀಲಿ ಚಪ್ಪಲಿಯ ಅಟ್ಟೆಯಾಗಿತ್ತು! ನನ್ನ ಚಪ್ಪಲಿಯನ್ನು ಬಾಗಿಲಲ್ಲೇ ಬಿಡಿಸಿದವರು ಅವಳಿಗೆ ಗುಡಿಯೊಳಗೇ ತೊಡಿಸಿದ್ದರು. ಥೂ!

"ಏನಣ್ಣಾ ಇದು?" ಎಂದೆ, ಜೀರ್ಣೋದ್ಧಾರ ಮಾಡಿಸಿದವರಿಗೆ.

ಅವರು ಹೆಮ್ಮೆಯಿಂದ ನಕ್ಕರು. "ಬರೀಗಾಲಲ್ಲಿ ನಿಂತಿದ್ಲಲ್ಲಮ್ಮಾ, ಪಾಪ. ಮುಳ್ಳುಗಿಳ್ಳು ಚುಚ್ಚಿದ್ರೆ?"